ಡಿಜಿಟಲ್ ಚಿತ್ರಕಾರರಿಗೂ ಒಂದು ಪೂರ್ವರಂಗ

ಕನ್ನಡ ಐಚ್ಛಿಕ ತರಗತಿಗಳಲ್ಲಿ ಕವಿತೆ ಬರೆಯುವವರ ಜೊತೆಗೆ ಚಿತ್ರ ಬಿಡಿಸುವವರೂ ಇಂದು ಕಾಣಸಿಗುತ್ತಾರೆ. ಕ್ರಿತಾ, ಐಬಿಸ್ ಪೇಂಟ್‌ನಂತಹ ತಂತ್ರಾಂಶಗಳು ಉಚಿತವಾಗಿ ದೊರೆಯುವುದರಿಂದ ಕುಂಚ, ಬಣ್ಣಗಳ ಖರ್ಚಿಲ್ಲದೆ ಚಿತ್ರಾಭ್ಯಾಸ ಸಾಧ್ಯವಾಗಿದೆ. ಅಭ್ಯಾಸ ತೊಡಗಿದ ಕೆಲವೇ ತಿಂಗಳಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ಹಣ ಪಡೆದು ಚಿತ್ರ ಬರೆದುಕೊಡಲು ಎಂದು ಆರಂಭಿಸಬೇಕು? ಪೂರ್ಣ ಪಳಗಿದ ಮೇಲೆ ಎನ್ನುವವರಿದ್ದಾರೆ. ಕೇಳುವವರು ಸಿಕ್ಕ ದಿನವೇ ಎನ್ನುವವರೂ ಇದ್ದಾರೆ. ಇವೆರಡಕ್ಕಿಂತ ವಿವೇಕಯುತವಾದ ಉತ್ತರ ನಮ್ಮ ಯಕ್ಷಗಾನ ಪರಂಪರೆಯಲ್ಲಿದೆ.

ಪಾರ್ತಿಸುಬ್ಬನ ಕುಂಬಳೆ ಬೆಳ್ಳೂರಿಗೆ ದೂರದ ಊರೇನಲ್ಲ. ತೆಂಕುತಿಟ್ಟಿನ ಮೇಳಕ್ಕೆ ಸೇರಿದ ಹೊಸಬನು ಮೊದಲ ರಾತ್ರಿಯೇ ಕರ್ಣನಾಗಿ, ಅರ್ಜುನನಾಗಿ ರಂಗವೇರುತ್ತಿರಲಿಲ್ಲ. ಪ್ರಸಂಗಕ್ಕೆ ಮುನ್ನ ನಡೆಯುವ ಪೂರ್ವರಂಗದಲ್ಲಿ ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿದು ಹೆಜ್ಜೆ ಗಟ್ಟಿ ಮಾಡಿಕೊಂಡು ಮುಂದಿನ ವೇಷಗಳಿಗೆ ಏರುತ್ತಿದ್ದನು. ಪರಿಣತನಾಗುವವರೆಗೂ ಚೌಕಿಯಲ್ಲೇ ಕುಳಿತಿರು ಎಂದು ಅವನಿಗೆ ಯಾರೂ ಹೇಳಲಿಲ್ಲ. ಕೋಡಂಗಿಯನ್ನು ಕರ್ಣನೆಂದು ಪ್ರೇಕ್ಷಕರ ಮುಂದೆ ನಿಲ್ಲಿಸಲೂ ಇಲ್ಲ. ಕಲಿಯುವವನಿಗೂ ರಂಗದಲ್ಲಿ ಒಂದು ಸ್ಥಾನವಿತ್ತು. ಆ ಸ್ಥಾನ ಯಾವುದೆಂಬುದು ನೋಡುವವರಿಗೆ ತಿಳಿದಿತ್ತು.

ಇಂದಿನ ಕಾಲಮಿತಿಯ ಆಟಗಳಲ್ಲಿ ಪೂರ್ವರಂಗ ಕಿರಿದಾಗಿದೆ, ಹಲವೆಡೆ ಇಲ್ಲವೇ ಆಗಿದೆ. ಮೊಬೈಲಿನ ಪರದೆಯಲ್ಲಂತೂ ಅದು ಎಂದೂ ಇರಲಿಲ್ಲ. ಅಲ್ಲಿ ಮೂವತ್ತು ವರ್ಷ ಪಳಗಿದವರ ಚಿತ್ರದ ಕೆಳಗೆ ಮೂರು ತಿಂಗಳ ಅಭ್ಯಾಸಿಯ ಚಿತ್ರ ಬಂದು ನಿಲ್ಲುತ್ತದೆ. ಹೀಗಾಗಿ ಹೊಸಬರು ಒಂದೋ ಕೀಳರಿಮೆಯಿಂದ ಹಿಂಜರಿಯುತ್ತಾರೆ, ಇಲ್ಲವೇ ತಮ್ಮ ಕೈಗೆ ಮೀರಿದ ಮಾತು ಕೊಡುತ್ತಾರೆ. ಆದ್ದರಿಂದ ಡಿಜಿಟಲ್ ಚಿತ್ರಕಾರರು ತಮ್ಮ ಪೂರ್ವರಂಗವನ್ನು ತಾವೇ ಕಟ್ಟಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಅದಕ್ಕೊಂದು ಸರಳ ಪರೀಕ್ಷೆಯಿದೆ. ಮೂವರು ಗೆಳೆಯರಿಂದ ಮೂರು ವಿಷಯಗಳನ್ನು ಕೇಳಿ ಪಡೆಯಿರಿ. ಪ್ರತಿಯೊಂದನ್ನೂ ಒಂದು ವಾರದೊಳಗೆ ಅವರು ಹೇಳಿದಂತೆ ಬರೆದು ಮುಗಿಸಿರಿ. ಮೂರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಮೂಡಿದರೆ ನೀವು ಹಣ ಪಡೆಯಲು ಅರ್ಹರು. ಹತ್ತರಲ್ಲಿ ಒಂದು ಸೊಗಸಾಗಿ ಮೂಡಿದರೆ ಅಭ್ಯಾಸ ಮುಂದುವರಿಯಲಿ. ಹಣ ಕೊಡುವವರು ಕೊಳ್ಳುವುದು ಭರವಸೆಯನ್ನು. ಆಕಸ್ಮಿಕವಾಗಿ ಒದಗಿದ ಸೊಗಸನ್ನು ಯಾರಿಗೂ ಮುಂಗಡವಾಗಿ ಮಾರಲಾಗದು.

ಕೈಯ ಜೊತೆಗೆ ಲೆಕ್ಕವೂ ತಿಳಿದಿರಬೇಕು. 1080 ಪಿಕ್ಸೆಲ್ ಅಗಲದ ಚಿತ್ರ ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ. ಅಂಗುಲಕ್ಕೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಅದರ ಅಗಲ 3.6 ಅಂಗುಲ ಮಾತ್ರ. ಎ4 ಹಾಳೆಗೆ 2480 × 3508 ಪಿಕ್ಸೆಲ್ ಬೇಕು. ಪರದೆಯಲ್ಲಿ ಹೊಳೆಯುವ ಬಣ್ಣಗಳು ಮುದ್ರಣದ ಶಾಯಿಯಲ್ಲಿ ಮಂಕಾಗುವುದುಂಟು. ಇದನ್ನರಿಯದೆ ಬ್ರಹ್ಮಕಲಶೋತ್ಸವದ ಆಮಂತ್ರಣವನ್ನೋ ಕಬಡ್ಡಿ ಪಂದ್ಯಾಟದ ಪೋಸ್ಟರನ್ನೋ ಒಪ್ಪಿಕೊಂಡರೆ, ಕೆಟ್ಟ ಕೆಲಸ ಊರಿನ ಕಣ್ಣೆದುರೇ ತೂಗುತ್ತದೆ. ಬೆಳ್ಳೂರಿನಂತಹ ಊರಿನಲ್ಲಿ ಮೊದಲ ಗಿರಾಕಿ ಪರಿಚಿತರೇ ಆಗಿರುತ್ತಾರೆ. ತಪ್ಪಿದ ಮಾತು ಬೇಗ ಮರೆಯಾಗದು.

ಹಾಗೆಂದು ಪ್ರಮಾಣಪತ್ರಕ್ಕಾಗಿ ಕಾಯಬೇಕಾಗಿಲ್ಲ. ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿತು. ಅವರು ಮಹಾರಾಜಾ ಕಾಲೇಜಿನಲ್ಲಿ ಓದುತ್ತಲೇ ಅಣ್ಣ ಆರ್. ಕೆ. ನಾರಾಯಣ್ ಅವರ ಕಥೆಗಳಿಗೂ, ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಗೂ ಚಿತ್ರ ಬರೆದರು. ಮತ್ತೊಬ್ಬರ ಕಥೆಗೆ ಹೊಂದುವ ಚಿತ್ರವನ್ನು ಪತ್ರಿಕೆಯ ಅವಧಿಯೊಳಗೆ ಒಪ್ಪಿಸುವುದೇ ಅಂತಹ ಕೆಲಸದ ಶಿಕ್ಷಣ.

ತಡಮಾಡುವುದರಲ್ಲೂ ಅಪಾಯವಿದೆ. ‘ನಮ್ಮ ಹುಡುಗಿಯೇ ಅಲ್ಲವೇ, ಒಂದು ಚಿತ್ರಕ್ಕೇನು’ ಎಂಬ ಪ್ರೀತಿಯ ಮಾತಿಗೆ ಕಟ್ಟುಬಿದ್ದು ವರ್ಷಗಟ್ಟಲೆ ಉಚಿತವಾಗಿ ದುಡಿದವರು, ಬಳಿಕ ನೂರು ರೂಪಾಯಿ ಕೇಳಿದರೂ ದುರಾಸೆಯವರೆನಿಸುತ್ತಾರೆ. ದೇವಸ್ಥಾನಕ್ಕೆ ಸೇವೆಯಾಗಿ ಚಿತ್ರ ಕೊಡುವುದು ಪುಣ್ಯದ ಕೆಲಸವಿರಬಹುದು. ಆದರೆ ಸೇವೆ ಕೊಡುವವರ ನಿರ್ಧಾರವಾಗಿರಬೇಕು, ಕೇಳುವವರದಲ್ಲ. ತಗಲುವ ತಾಸುಗಳನ್ನು ಬರೆದಿಟ್ಟು ಅದರಂತೆ ಬೆಲೆ ಹೇಳಿರಿ.

ಹಣ ಪಡೆಯುವ ಮುನ್ನ ಹಕ್ಕಿನ ವಿಚಾರವನ್ನೂ ಬರಹದಲ್ಲಿ ಇತ್ಯರ್ಥಗೊಳಿಸಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಹಣ ಪಡೆದು ಮತ್ತೊಬ್ಬರ ಕೋರಿಕೆಯಂತೆ ರಚಿಸಿದ ವರ್ಣಚಿತ್ರ ಅಥವಾ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರಿಗೆ ಸೇರುತ್ತದೆ. ಇದು ನಾನೇ ರಚಿಸಿದ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಮಾತ್ರ 57ನೆಯ ಕಲಮಿನಂತೆ ಚಿತ್ರಕಾರರಲ್ಲೇ ಉಳಿಯುತ್ತದೆ. ಎಷ್ಟು ಬಾರಿ ತಿದ್ದಿಕೊಡುವುದು, ಮುಂಗಡವೆಷ್ಟು, ಬೇರೆಡೆ ಬಳಸಬಹುದೇ ಎಂಬ ನಾಲ್ಕು ಸಾಲು ವಾಟ್ಸಾಪಿನಲ್ಲಿದ್ದರೂ ಮುಂದಿನ ಮನಸ್ತಾಪ ತಪ್ಪುತ್ತದೆ.

ಕನ್ನಡ ವಿದ್ಯಾರ್ಥಿಗಳಿಗೆ ಇನ್ನೊಂದು ಅನುಕೂಲವಿದೆ. ಗಡಿನಾಡಿನ ಫಲಕಗಳಲ್ಲಿ ಒತ್ತಕ್ಷರ ಜಾರಿದ, ದೀರ್ಘ ಕಳೆದುಕೊಂಡ ಕನ್ನಡವನ್ನು ದಿನವೂ ಕಾಣುತ್ತೇವೆ. ಬಯಲಾಟದ ಕರಪತ್ರಕ್ಕೊಂದು ತಪ್ಪಿಲ್ಲದ, ಅಂದವಾದ ಶೀರ್ಷಿಕೆ ಬರೆದುಕೊಡುವುದು ಸಣ್ಣ ಕೆಲಸ. ಆದರೆ ಅದನ್ನು ಬಲ್ಲವರು ವಿರಳ. ನಿಮ್ಮ ಮೊದಲ ಸಂಭಾವನೆ ಅಲ್ಲಿಂದಲೇ ಬರಲಿ. ದೊಡ್ಡ ವೇಷಕ್ಕೆ ಇನ್ನೂ ರಾತ್ರಿಯಿದೆ.