ಕಾಫಿ ಕುಡೀಬೇಡಿ ಅಂತ ಕನ್ನಡದಲ್ಲಿ ಹೇಳೋಕೆ ಏನ್ರೀ ಕಷ್ಟ?

ಇಲ್ಲಿ ಬರೆದು ತಿಂಗಳುಗಳೇ ಆದವು. ಪ್ರಾಜೆಕ್ಟ್ ರಿಲೀಸು ಒಂದು ಕಾರಣ, ಸೋಮಾರಿತನ ಇನ್ನೊಂದು. ಇವತ್ತು ಬರೀತಿರೋದು ಮಾತ್ರ ಸಿಟ್ಟಿನಿಂದ. ಸಿಟ್ಟಲ್ಲಿ ಬರೀಬಾರದು ಅಂತಾರೆ, ಸರಿ ಅಂತ ಮೂರು ವಾರ ಕಾದು ನೋಡಿದೆ. ಇಳೀಲಿಲ್ಲ. ಹಾಗಾಗಿ ಓದಿಬಿಡಿ.

ನಮ್ಮಮ್ಮನಿಗೆ 61 ವರ್ಷ. ಊರು ಕೊಪ್ಪದ ಹತ್ತಿರ. ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ, ಮಂಡಿ ನೋವಂತೂ ಕೇಳಲೇಬೇಡಿ. ಈಚೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಂಡು ನಿಲ್ಲೋಕೆ ಶುರು ಮಾಡಿದಳು. ಬೆಂಗಳೂರಿಗೆ ಕರೆಸಿ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿದೆ. ಡಾಕ್ಟರು ಮೊದಲು ಟಿಎಂಟಿ ಅಂದ್ರು. ನಿಮಗೆಲ್ಲ ಗೊತ್ತಿರುತ್ತೆ, ಓಡೋ ಬೆಲ್ಟಿನ ಮೇಲೆ ನಡೆಸೋದು. ಮೂರು ಮೂರು ನಿಮಿಷಕ್ಕೆ ಬೆಲ್ಟು ಜೋರಾಗುತ್ತೆ, ಏರು ಹೆಚ್ಚುತ್ತೆ. ಅಮ್ಮ ಕುರ್ಚಿಯಿಂದ ಎದ್ದ ರೀತಿ ನೋಡಿ ಅವರೇ "ಇವರಿಗೆ ಆಗಲ್ಲ ಬಿಡಿ" ಅಂದು, ಔಷಧಿ ಕೊಟ್ಟು ಮಾಡೋ ಸ್ಟ್ರೆಸ್ ಟೆಸ್ಟ್ ಬರೆದರು. ಅಲ್ಲಿಗೆ ಡಾಕ್ಟರ ಮಾತು ಮುಗೀತು. ಒಳ್ಳೇ ಡಾಕ್ಟರೇ, ಹೊರಗೆ ಇನ್ನೂ ನಲವತ್ತು ಜನ ಕಾಯ್ತಿದ್ರು.

ಆ ಟೆಸ್ಟ್ ಏನು ಅಂತ ನಾನೇ ಆಮೇಲೆ ಓದಿ ತಿಳ್ಕೊಂಡಿದ್ದು. ಅಡಿಕೆ ತೋಟ ಇದ್ದವರಿಗೆ ಸುಲಭವಾಗಿ ಅರ್ಥ ಆಗುತ್ತೆ. ತೋಟದ ಪೈಪಲ್ಲಿ ಎಲ್ಲೋ ಕಸ ಕಟ್ಟಿದೆ ಅಂತಿಟ್ಕೊಳ್ಳಿ. ನೀರು ಸಣ್ಣಗೆ ಬಿಟ್ಟಾಗ ಎಲ್ಲಾ ಲೈನೂ ಒಂದೇ ಥರ ಕಾಣುತ್ತೆ. ಗೇಟ್‌ವಾಲ್ವ್ ಪೂರ್ತಿ ತಿರುಗಿಸಿದಾಗ ಸರಿ ಇರೋ ಲೈನಲ್ಲಿ ನೀರು ನುಗ್ಗುತ್ತೆ, ಕಟ್ಟಿಕೊಂಡಿರೋದರಲ್ಲಿ ಮಾತ್ರ ಹಾಗೇ ತೊಟ್ಟಿಕ್ಕುತ್ತೆ. ನಡೆಯೋಕಾಗದವರಿಗೆ ಅಡಿನೋಸಿನ್ ಅನ್ನೋ ಔಷಧಿಯನ್ನ 4ರಿಂದ 6 ನಿಮಿಷ ರಕ್ತನಾಳಕ್ಕೆ ಹರಿಸಿ ಹೃದಯದ ರಕ್ತನಾಳಗಳನ್ನ ಹೀಗೆ ಅಗಲ ಮಾಡ್ತಾರೆ. ಅದೇ ಹೊತ್ತಿಗೆ ಸ್ವಲ್ಪ ವಿಕಿರಣ ಇರೋ ಒಂದು ದ್ರವವನ್ನೂ ಚುಚ್ಚಿ, ಆಮೇಲೆ ಕ್ಯಾಮೆರಾ ಕೆಳಗೆ ಮಲಗಿಸಿ ಯಾವ ಭಾಗಕ್ಕೆ ರಕ್ತ ಕಮ್ಮಿ ಹೋಯ್ತು ಅಂತ ಚಿತ್ರ ತೆಗೀತಾರೆ. ಉಬ್ಬಸ ಇರೋರಿಗೆ ಅಡಿನೋಸಿನ್ ಆಗಿಬರಲ್ಲ, ಅಂಥವರಿಗೆ ಎದೆಬಡಿತ ಹೆಚ್ಚಿಸೋ ಡೊಬುಟಮಿನ್ ಅಂತ ಬೇರೆ ಔಷಧಿ ಇದೆ.

ಈಗ ಕಾಫಿ ವಿಷಯಕ್ಕೆ ಬರ್ತೀನಿ. ಅಡಿನೋಸಿನ್ ನಮ್ಮ ದೇಹವೇ ತಯಾರಿಸೋ ವಸ್ತು. ಹೊತ್ತೇರಿದಂತೆ ಮೆದುಳಲ್ಲಿ ಅದು ಸೇರ್ತಾ ಹೋದರೆ ನಿದ್ದೆ ಬರುತ್ತೆ. ಕಾಫಿ ಕುಡಿದ್ರೆ ನಿದ್ದೆ ಹಾರೋದು ಯಾಕೆ ಅಂದ್ರೆ, ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂತ್ಕೊಳ್ಳುತ್ತೆ. ಬೀಗದ ತೂತಲ್ಲಿ ಕಡ್ಡಿ ಮುರಿದು ಸಿಕ್ಕಿಹಾಕಿಕೊಂಡ ಹಾಗೆ. ಟೆಸ್ಟಿನ ದಿನ ಮೈಯಲ್ಲಿ ಕೆಫೀನ್ ಇದ್ರೆ ಸೂಜಿಯಲ್ಲಿ ಕೊಟ್ಟ ಅಡಿನೋಸಿನ್‌ಗೂ ಅದೇ ಗತಿ. ವಾಲ್ವ್ ಪೂರ್ತಿ ತೆರೆಯೋದೇ ಇಲ್ಲ. ಹಾಗಾಗಿ 24 ಗಂಟೆ ಕಾಫಿ, ಟೀ, ಕೋಲಾ, ಚಾಕೊಲೇಟ್ ಬಿಡಬೇಕು ಅಂತಾರೆ. ತಲೆನೋವಿನ ಕೆಲವು ಮಾತ್ರೆಗಳಲ್ಲೂ ಕೆಫೀನ್ ಇರುತ್ತೆ, ಸಾರಿಡಾನ್‌ನಲ್ಲಿ ಇದೆ.

ಕೆಫೀನ್ ಇದ್ರೆ ಟೆಸ್ಟ್ ನಿಂತುಹೋಗಲ್ಲ. ಮಷೀನು ಬೀಪ್ ಅನ್ನಲ್ಲ, ಕೆಂಪು ದೀಪ ಹತ್ತಲ್ಲ. ಚಿತ್ರ ಚೆನ್ನಾಗೇ ಬರುತ್ತೆ, ರಿಪೋರ್ಟೂ ಚೆನ್ನಾಗೇ ಬರಬಹುದು. ರಕ್ತನಾಳ ಕಟ್ಟಿಕೊಂಡಿರೋ ಮನುಷ್ಯನಿಗೆ ನಾರ್ಮಲ್ ಅಂತ ಬರೆದು ಮನೆಗೆ ಕಳಿಸೋ ಸಾಧ್ಯತೆ ಇದೆ. ನಾನು ಆರು ವರ್ಷದಿಂದ ಸಾಫ್ಟ್‌ವೇರ್‌ನಲ್ಲಿ ಇದೀನಿ, ಕ್ರ್ಯಾಶ್ ಆಗೋ ಬಗ್‌ಗೆ ಹೆದರಿಲ್ಲ. ಕ್ರ್ಯಾಶ್ ಆಗದೆ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತಲ್ಲ, ಅದಕ್ಕೆ ರಾತ್ರಿ ನಿದ್ದೆ ಬರಲ್ಲ. ಅಂಥ ಬಗ್ ಬರದ ಹಾಗೆ ನೋಡ್ಕೊಳ್ಳೋಕೆ ಈ ಟೆಸ್ಟಲ್ಲಿ ಇರೋ ಉಪಾಯ ಒಂದೇ. ರೋಗಿಗೆ ಮೊದಲೇ ಅರ್ಥ ಆಗೋ ಹಾಗೆ ಹೇಳೋದು.

ಹೇಳಿದ್ರಾ? "ಹೇಳಿದ್ದೀವಿ" ಅಂತಾರೆ. ನನ್ನ ವಾಟ್ಸಾಪ್‌ಗೆ ಎರಡು ಪುಟದ ಪಿಡಿಎಫ್ ಬಂತು. ಪೂರ್ತಿ ಇಂಗ್ಲಿಷ್. ಅದನ್ನ ನಾನು ಊರಿಗೆ ವಾಪಸ್ ಹೋಗಿದ್ದ ಅಮ್ಮನಿಗೆ ಫಾರ್ವರ್ಡ್ ಮಾಡಿ, ಫೋನಲ್ಲಿ "ಅಮ್ಮ, ಟೆಸ್ಟಿಗೆ ಬರೋವಾಗ ಕಾಫಿ ಕುಡೀಬೇಡ, ಖಾಲಿ ಹೊಟ್ಟೇಲಿ ಇರಬೇಕು" ಅಂದೆ. ಮೀಟಿಂಗ್ ಮಧ್ಯೆ ಎದ್ದು ಬಂದು ಮಾಡಿದ ಫೋನು ಅದು. ನನ್ನ ತಪ್ಪೂ ಇದೆ, ಒಪ್ಕೋತೀನಿ.

ನಮ್ಮಮ್ಮ ಓದು ಬರದವಳಲ್ಲ. 30 ವರ್ಷಕ್ಕೂ ಮೇಲೆ ಪ್ರೈಮರಿ ಸ್ಕೂಲಲ್ಲಿ ಪಾಠ ಮಾಡಿದವಳು. ಪೇಪರನ್ನ ಸಂಪಾದಕೀಯದಿಂದ ಹಿಡಿದು ಶ್ರದ್ಧಾಂಜಲಿವರೆಗೆ ಓದ್ತಾಳೆ, ಕಾಗುಣಿತ ತಪ್ಪಿದ್ರೆ ಪೆನ್ನಲ್ಲಿ ತಿದ್ದಿ ಇಡ್ತಾಳೆ. ಆ ಎರಡು ಪುಟ ಕನ್ನಡದಲ್ಲಿ ಬಂದಿದ್ರೆ ಮೂರು ಸಲ ಓದಿ, ಮುಖ್ಯವಾದ್ದಕ್ಕೆ ಅಡಿಗೆರೆ ಹಾಕಿ, ನನಗೇ ಪಾಠ ಮಾಡ್ತಿದ್ದಳು.

ಬಂದದ್ದು ಕನ್ನಡದಲ್ಲಿ ಅಲ್ವಲ್ಲ. ಹಿಂದಿನ ದಿನ ಸಂಜೆ ನಾಲ್ಕಕ್ಕೆ ಮನೇಲಿ ಫಿಲ್ಟರ್ ಕಾಫಿ ಆಯ್ತು. ರಾತ್ರಿ ಬಸ್ಸು ಊಟಕ್ಕೆ ನಿಂತಾಗ, ಕಾಫಿ ಬೇಡ ಅಂದಿದಾನೆ ಮಗ ಅಂತ, ಟೀ ಕುಡಿದಳು! ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದಿನಾ ತಗೊಳ್ಳೋ ಸಕ್ಕರೆ ಮಾತ್ರೆಯನ್ನೂ ತಗೊಂಡಿದ್ದಳು. ಏನೂ ತಿನ್ನದಿದ್ದಾಗ ಅದನ್ನ ಏನು ಮಾಡಬೇಕು ಅಂತ ಕನ್ನಡದಲ್ಲಿ ಯಾರೂ ಹೇಳಿರಲಿಲ್ಲ. ಎಂಟೂವರೆಗೆ ಅಲ್ಲಿ ಕೂತಿದ್ದಾಗ ಕೈ ನಡುಗ್ತಿತ್ತು, ಬೆವರ್ತಿದ್ದಳು. ನಾನು ಹೆದರಿಕೆ ಅಂದ್ಕೊಂಡೆ.

ಕೇರಳದ ಒಬ್ಬ ನರ್ಸು ಬಂದರು. ಇಪ್ಪತ್ತೈದರ ಆಸುಪಾಸು. ಅಮ್ಮನ ಕೈ ಹಿಡಿದು ನೋಡಿ, ತಕ್ಷಣ ಸಕ್ಕರೆ ಪರೀಕ್ಷೆ ಮಾಡಿ, ಕಮ್ಮಿ ಆಗಿದೆ ಅಂತ ಗ್ಲೂಕೋಸ್ ಕುಡಿಸಿದರು. ಆಮೇಲೆ ತಮ್ಮ ಮುರುಕು ಕನ್ನಡದಲ್ಲಿ ಕೇಳಿದರು, "ಅಮ್ಮಾ, ನಿನ್ನೆ ಕಾಫಿ ಕುಡ್ದಿದ್ಯಾ? ಟೀ? ಚಾಕ್ಲೇಟು?" ಅಮ್ಮ ಟೀ ಅಂದಳು. ಟೆಸ್ಟ್ ಅವತ್ತಿಗೆ ರದ್ದು.

ಟೀ ಕುಡಿದು ಒಂಬತ್ತು ಗಂಟೆ ಆಗಿತ್ತಲ್ಲ ಅಂತ ನಾನು ವಾದ ಮಾಡೋಕೆ ಹೋದೆ. ಕೆಫೀನ್ ಅರ್ಧ ಇಳಿಯೋಕೆ ಸುಮಾರು 5 ಗಂಟೆ ಬೇಕು, ಲೆಕ್ಕ ಹಾಕ್ಕೊಳ್ಳಿ. ಆ ಹುಡುಗಿ ಕೇಳದೇ ಇದ್ದಿದ್ರೆ? ಯಾವ ರಾಜ್ಯದಿಂದಲೋ ಬಂದು, ವಾರ್ಡಲ್ಲಿ ಕಿವಿಗೆ ಬಿದ್ದಷ್ಟು ಕನ್ನಡ ಕಲಿತು ಆಕೆ ಕೇಳಿದ ಪ್ರಶ್ನೆಯನ್ನ, ಬೆಂಗಳೂರಲ್ಲೇ ಕಟ್ಟಿದ ಆಸ್ಪತ್ರೆಗೆ ಒಂದು ಹಾಳೆ ಮೇಲೆ ಅಚ್ಚು ಹಾಕಿಸೋಕೆ ಆಗಿಲ್ಲ. ದೇಶದ ಕಾಫಿಯಲ್ಲಿ ಹತ್ತಿರ ಹತ್ತಿರ 70 ಭಾಗ ಬೆಳೆಯೋದು ನಮ್ಮ ರಾಜ್ಯದಲ್ಲಿ ಕಣ್ರೀ. ಚಿಕ್ಕಮಗಳೂರು ಜಿಲ್ಲೆಯಿಂದ ಬಂದ ಹೆಂಗಸಿಗೆ ಕಾಫಿ ಬೇಡ ಅನ್ನೋ ಮಾತನ್ನ ಇಂಗ್ಲಿಷಲ್ಲಿ ಹೇಳ್ತಾರೆ!

ನಾಲ್ಕು ದಿನ ಬಿಟ್ಟು ಮತ್ತೆ ಹೋದ್ವಿ. ಈ ಸಲ ಎಲ್ಲಾ ಸರಿ ಮಾಡ್ಕೊಂಡಿದ್ವಿ. ಯಾವ ಮಾತ್ರೆ ತಗೋಬೇಕು, ಯಾವುದು ಬಿಡಬೇಕು ಅಂತ ಡಾಕ್ಟರನ್ನೇ ಕೇಳಿ ಬರೆದುಕೊಂಡಿದ್ದೆ. ಅಮ್ಮ ಕಾಫಿ ಇಲ್ಲದ ತಲೆನೋವಲ್ಲಿ ಮುಖ ಗಂಟು ಹಾಕಿಕೊಂಡೇ ಬಂದಳು :) ಒಪ್ಪಿಗೆ ಪತ್ರ ತಂದರು. ಮೂರು ಪುಟ, ಅದೂ ಇಂಗ್ಲಿಷ್. "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ." ಅಮ್ಮ ಕನ್ನಡದಲ್ಲಿ ದುಂಡಗೆ ಸಹಿ ಹಾಕಿದಳು, ನಾನೂ ಪಕ್ಕದಲ್ಲಿ ಹಾಕಿದೆ. ವಿಕಿರಣದ ಹಳದಿ ಗುರುತಿರೋ ಬಾಗಿಲಿನ ಒಳಗೆ ನನ್ನನ್ನ ಬಿಡಲಿಲ್ಲ.

ಮುಕ್ಕಾಲು ಗಂಟೆ ಆದಮೇಲೆ ವೀಲ್‌ಚೇರಲ್ಲಿ ಹೊರಗೆ ತಂದರು. ಕಣ್ಣಲ್ಲಿ ನೀರು. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು ಅಂದಳು, "ಸೂಜಿ ಹಾಕಿ ಸ್ವಲ್ಪ ಹೊತ್ತಿಗೇ ಎದೆ ಮೇಲೆ ಕಲ್ಲು ಇಟ್ಟ ಹಾಗಾಯ್ತು ಮಾರಾಯ. ಮುಖ ಎಲ್ಲಾ ಬಿಸಿ, ಉಸಿರೇ ಬರ್ಲಿಲ್ಲ. ಹಾರ್ಟ್ ಅಟ್ಯಾಕೇ ಆಯ್ತು ಅಂದ್ಕೊಂಡೆ. ಹೇಳೋಣ ಅಂದ್ರೆ ಅವ್ರು ರಿಲ್ಯಾಕ್ಸ್ ಮೇಡಂ, ರಿಲ್ಯಾಕ್ಸ್ ಅಂತಾರೆ. ನಿನ್ನ ನೋಡ್ದೇನೇ ಹೋಗ್ತೀನಿ ಅನ್ನಿಸ್ತು ಕಣೋ."

ಆ ಔಷಧಿ ಕೊಟ್ಟಾಗ ತುಂಬಾ ಜನಕ್ಕೆ ಆಗೋದೇ ಅದು. ಎದೆ ಹಿಂಡುತ್ತೆ, ಮುಖ ಬಿಸಿಯಾಗುತ್ತೆ, ಉಸಿರು ಕಟ್ಟಿದ ಹಾಗಾಗುತ್ತೆ, ತಲೆ ನೋಯುತ್ತೆ. ರಕ್ತದಲ್ಲಿ ಅಡಿನೋಸಿನ್ ಅರ್ಧ ಆಗೋಕೆ 10 ಸೆಕೆಂಡೂ ಬೇಡ. ಹಾಗಾಗಿ ಹನಿ ನಿಲ್ಲಿಸಿದ ಒಂದೆರಡು ನಿಮಿಷದಲ್ಲಿ ಬಹುಪಾಲು ಎಲ್ಲಾ ಇಳಿಯುತ್ತೆ. ಇಳಿಯದಿದ್ರೆ ಅದಕ್ಕೆ ಅಮಿನೋಫಿಲಿನ್ ಅಂತ ಮದ್ದು ಪಕ್ಕದಲ್ಲೇ ಇಟ್ಕೊಂಡಿರ್ತಾರೆ. ಕೆಫೀನ್ ಕುಟುಂಬದ್ದೇ ಅದು, ತಮಾಷೆ ನೋಡಿ. ಟೆಸ್ಟ್ ಮುಗಿದಮೇಲೆ ಅದೇ ನರ್ಸು "ಇವಾಗ ಕಾಫಿ ಕುಡೀರಿ ಅಮ್ಮಾ, ತಲೆನೋವು ಹೋಗತ್ತೆ" ಅಂದರು.

ಇದೆಲ್ಲಾ ಆ ಮೂರು ಪುಟದಲ್ಲಿ ಇತ್ತು. ನಾನು ರಾತ್ರಿ ಕೂತು ಓದಿದೆ. ಅಮ್ಮ ಸಹಿ ಹಾಕಿದ್ದ ಗೆರೆಗಿಂತ ನಾಲ್ಕೇ ಸಾಲು ಮೇಲೆ ಇತ್ತು. "ಎದೆ ಭಾರ ಆಗುತ್ತೆ, ಎರಡು ನಿಮಿಷದಲ್ಲಿ ಹೋಗುತ್ತೆ, ಹೆದರಬೇಡಿ, ಜಾಸ್ತಿ ಆದ್ರೆ ಕೈ ಎತ್ತಿ." ಇಷ್ಟು ಮಾತು ಮೊದಲೇ ಕಿವಿಗೆ ಬಿದ್ದಿದ್ರೆ, ಐದು ನಿಮಿಷ ಸಾಯ್ತಿದೀನಿ ಅಂತ ಅವಳು ಮಲಗಿರಬೇಕಾಗಿರಲಿಲ್ಲ. ಅರ್ಥ ಆಗದ ಭಾಷೆಯ ಕಾಗದಕ್ಕೆ ತಗೊಂಡ ಸಹಿಗೆ ಒಪ್ಪಿಗೆ ಅಂತ ಹೆಸರಿಡೋಕೆ ನಾಚಿಕೆ ಬೇಡ್ವಾ? 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಏನು ಅಂತ ಸಾಕಷ್ಟು ತಿಳಿಸಿ ಪಡೆದದ್ದೇ ಒಪ್ಪಿಗೆ ಅಂತ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಲ್ಲೂ, ರೋಗಿಗೆ ಗೊತ್ತಿರೋ ಭಾಷೆಯಲ್ಲೇ ವಿವರಿಸಬೇಕು ಅಂತಿದೆ.

ಇದನ್ನ ಆಫೀಸಲ್ಲಿ ಹೇಳಿದ್ರೆ ಒಬ್ಬ ಗೆಳೆಯ, ಅವನೂ ಕನ್ನಡದವನೇ, "ಮೆಡಿಕಲ್ ಪದಗಳಿಗೆ ಕನ್ನಡ ಎಲ್ಲಿದೆ ಗುರು" ಅಂದ. ಅಡಿನೋಸಿನ್‌ಗೆ ಕನ್ನಡ ಪದ ಯಾರಿಗೆ ಬೇಕು? ಅಡಿನೋಸಿನ್ ಅಂತಲೇ ಬರೀರಿ. ಕಾಫಿ, ಟೀ, ಮಾತ್ರೆ, ಎದೆ, ಉಸಿರು, ಈ ಪದಗಳು ಇಲ್ವಾ ನಮ್ಮಲ್ಲಿ? ಅಥವಾ ಇನ್ನೊಂದು ಅತಿ. ಅನುವಾದ ಮಾಡಿ ಅಂದ್ರೆ "ಹೃದಯ ಸ್ನಾಯು ರಕ್ತಪೂರಣ ಚಿತ್ರಣಪೂರ್ವ ಸೂಚನೆಗಳು" ಅಂತ ಬರೆದು ಇಡ್ತಾರೆ. ಅದಕ್ಕಿಂತ ಇಂಗ್ಲಿಷೇ ವಾಸಿ, ಕೊನೇಪಕ್ಷ ಪಕ್ಕದ ಮನೆ ಹುಡುಗನಾದ್ರೂ ಓದಿ ಹೇಳ್ತಾನೆ. ನಾವು ಮಾಡೋ ಆಪ್‌ನಲ್ಲಿ ಒಂದು ಬಟನ್ ಮೇಲಿನ ಎರಡು ಪದ ಹದಿನಾಲ್ಕು ಭಾಷೇಲಿ ಬರಬೇಕು, ಇಲ್ಲಾಂದ್ರೆ ರಿಲೀಸ್ ನಿಲ್ಲಿಸ್ತಾರೆ. ಅದು ದಿನಸಿ ಆರ್ಡರ್ ಮಾಡೋ ಬಟನ್ನು, ಹೃದಯದ್ದಲ್ಲ.

ಇನ್ನು ನಮ್ಮ ಕನ್ನಡ ಹೋರಾಟಗಾರರಿಗೂ ಒಂದು ಮಾತು. 2023ರ ಡಿಸೆಂಬರಲ್ಲಿ ಬೆಂಗಳೂರಲ್ಲಿ ಇಂಗ್ಲಿಷ್ ಬೋರ್ಡುಗಳ ಮೇಲೆ ಎಷ್ಟು ಗಲಾಟೆ ಆಯ್ತು, 2024ರಲ್ಲಿ ಬೋರ್ಡಿನ ಶೇಕಡಾ 60 ಭಾಗ ಕನ್ನಡ ಇರಬೇಕು ಅಂತ ಕಾನೂನೇ ಬಂತು. ಸಂತೋಷ. ಈ ಆಸ್ಪತ್ರೆ ಬೋರ್ಡೂ ಈಗ ದೊಡ್ಡ ಕನ್ನಡದಲ್ಲಿ ಫಳಫಳ ಅಂತಿದೆ. ಅದರ ಕೆಳಗಿನ ಬಾಗಿಲು ದಾಟಿದ ಮೇಲೆ ಕೈಗೆ ಕೊಡೋ ಹಾಳೆಯಲ್ಲಿ ಶೇಕಡಾ ಎಷ್ಟು ಅಂತ ಯಾರಾದ್ರೂ ಅಳತೆಪಟ್ಟಿ ಹಿಡಿದು ನೋಡಿದ್ರಾ? 2021ರ ಅಕ್ಟೋಬರಲ್ಲಿ ಪುನೀತ್ ಹೋದಾಗಲೂ, 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗಲೂ ಹೃದಯ ತೋರಿಸೋಕೆ ಜನ ಸಾಲುಗಟ್ಟಿ ನಿಂತರು. ಅಲ್ಲಿ ನಿಂತಿದ್ದೋರಲ್ಲಿ ಎಷ್ಟು ಜನ ಇಂಗ್ಲಿಷ್ ಹಾಳೆ ಓದಬಲ್ಲವರು?

ಬರೀ ಬೈದು ಸುಮ್ಮನಾಗಬಾರದು ಅಂತ ನಾನೇ ಒಂದು ಪುಟ ಬರೆದೆ. ಅಮ್ಮ ತಿದ್ದಿದಳು, ನನ್ನ ಎರಡು ಕಾಗುಣಿತ ತಪ್ಪೂ ಸಿಕ್ಕಿಬಿದ್ದವು. ನಿನ್ನೆ ಈ ಹೊತ್ತಿಂದ ಕಾಫಿ ಟೀ ಎರಡೂ ಬೇಡ ಅಂತ ಗಂಟೆ ಸಮೇತ ಬರೆಯೋಕೆ ಜಾಗ ಬಿಟ್ಟಿದೀನಿ. ಯಾವ ಮಾತ್ರೆಯನ್ನೂ ಡಾಕ್ಟರನ್ನ ಕೇಳದೆ ನಿಲ್ಲಿಸಬೇಡಿ, ಸಕ್ಕರೆ ಮಾತ್ರೆ ಮತ್ತು ಇನ್ಸುಲಿನ್ ಬಗ್ಗೆ ತಪ್ಪದೆ ಕೇಳಿ, ಉಬ್ಬಸ ಇದ್ರೆ ಮೊದಲೇ ಹೇಳಿ ಅಂತಿದೆ. ಎದೆ ಭಾರ ಆಗೋದನ್ನ ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದೀನಿ. ಆಸ್ಪತ್ರೆ ಕೌಂಟರಲ್ಲಿ ಕೊಟ್ಟೆ. "ಮ್ಯಾನೇಜ್‌ಮೆಂಟ್‌ಗೆ ಕಳಿಸ್ತೀವಿ ಸರ್" ಅಂದ್ರು. ಮೂರು ವಾರ ಆಯ್ತು ಅಂತ ಆಗಲೇ ಹೇಳಿದ್ನಲ್ಲ.

ಅಮ್ಮನ ರಿಪೋರ್ಟ್ ಬಂತು. ಒಂದು ಸಣ್ಣ ಭಾಗಕ್ಕೆ ರಕ್ತ ಕಮ್ಮಿ ಹೋಗ್ತಿದೆಯಂತೆ, ಸದ್ಯಕ್ಕೆ ಮಾತ್ರೆ ಸಾಕು ಅಂದಿದಾರೆ. ಟೀ ಕುಡಿದ ದಿನವೇ ಟೆಸ್ಟ್ ಮಾಡಿದ್ರೆ ಅದು ಕಾಣ್ತಿತ್ತೋ ಇಲ್ವೋ, ಆ ಯೋಚನೆ ಇನ್ನೂ ಬಿಟ್ಟಿಲ್ಲ.

ಆ ಪುಟ ಅಮ್ಮ ಊರಿಗೆ ತಗೊಂಡು ಹೋಗಿದಾಳೆ. ಪಕ್ಕದ ಮನೆ ಸರೋಜಕ್ಕನಿಗೂ ಮುಂದಿನ ವಾರ ಇದೇ ಟೆಸ್ಟಂತೆ. ನಿನ್ನೆ ರಾತ್ರಿ ಫೋನ್ ಮಾಡಿ ಕೇಳಿದಳು, "ಅಲ್ವೋ, ಎಲ್ಲಾ ಬರ್ದಿದೀಯ, ಜೀರಿಗೆ ಕಷಾಯ ಆಗುತ್ತಾ ಇಲ್ವಾ ಅಂತ ಬರ್ದೇ ಇಲ್ವಲ್ಲೋ?" ಜೀರಿಗೆಯಲ್ಲಿ ಕೆಫೀನ್ ಇಲ್ಲ, ಆದ್ರೆ ಖಾಲಿ ಹೊಟ್ಟೆ ಎಷ್ಟು ಹೊತ್ತಿಂದ ಅನ್ನೋದು ಬೇರೆ ಪ್ರಶ್ನೆ. ನಾಳೆ ಆ ನರ್ಸನ್ನೇ ಕೇಳಿ ಸೇರಿಸ್ತೀನಿ.