ಬ್ರೊಕೊಲಿ ಬೆಳೆಸಿ, ಮಾತ್ರೆ ಬಿಡಬೇಡಿ



ಚಳಿಗಾಲ ಶುರುವಾಗುತ್ತಿದ್ದಂತೆ ಒಂದು ಮೆಸೇಜ್ ನಮ್ಮ ಗುಂಪುಗಳಲ್ಲೆಲ್ಲ ಸುತ್ತಾಡುತ್ತದೆ. ಬ್ರೊಕೊಲಿ ರಸ ಕುಡಿದರೆ ಹೃದಯದ ಬ್ಲಾಕೇಜ್ ಕರಗುತ್ತದೆಯಂತೆ, ಸ್ಟೆಂಟೂ ಬೇಡವಂತೆ, ಮಾತ್ರೆಯೂ ಬೇಡವಂತೆ. ನನ್ನ ಪೇಷಂಟ್‌ಗಳೇ ಅದನ್ನು ನನಗೆ ಕಳಿಸಿ "ಡಾಕ್ಟ್ರೇ, ಇದು ನಿಜವಾ?" ಎಂದು ಕೇಳುತ್ತಾರೆ. ನಿಜವಲ್ಲ. ರಕ್ತನಾಳದ ಗೋಡೆಯಲ್ಲಿ ಹತ್ತಾರು ವರ್ಷದಿಂದ ಸೇರಿಕೊಂಡ ಕೊಬ್ಬು, ಸುಣ್ಣವನ್ನು ತೊಳೆದು ಹಾಕುವ ತರಕಾರಿ ಯಾವುದೂ ಇಲ್ಲ. ಕೇಳುವವರ ಬಗ್ಗೆ ನನಗೆ ಚಿಂತೆಯಿಲ್ಲ. ಕೇಳದೆಯೇ ಕೊಲೆಸ್ಟರಾಲ್ ಮಾತ್ರೆ ನಿಲ್ಲಿಸಿ, ಕೆಲವು ತಿಂಗಳ ಮೇಲೆ ಎದೆ ಹಿಡಿದುಕೊಂಡು ಬರುತ್ತಾರಲ್ಲ, ಅವರದೇ ಚಿಂತೆ.

ಹಾಗಂತ ಬ್ರೊಕೊಲಿ ಏನು ತಪ್ಪು ಮಾಡಿದೆ? ನಾರಿನಂಶ, ವಿಟಮಿನ್ ಸಿ, ಪೊಟ್ಯಾಸಿಯಂ ಎಲ್ಲ ಇರುವ ಒಳ್ಳೆಯ ತರಕಾರಿ ಅದು. ಎಲೆಕೋಸು, ಹೂಕೋಸು, ನವಿಲುಕೋಸಿನ ಖಾಸಾ ಬಂಧು. ಜಾಗವಿದ್ದರೆ ಮನೆಯಲ್ಲೇ ಬೀಜ ಹಾಕಿ ಬೆಳೆಸಿ ಎಂಬುದು ನನ್ನ ಸಲಹೆ. ಅದಕ್ಕೆ ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ, ಏಕೆಂದರೆ ಅದರಲ್ಲೊಂದು ಅಪಾಯವೂ ಇದೆ.

"ಸ್ಪ್ರೌಟಿಂಗ್ ಬ್ರೊಕೊಲಿ" ಎಂದರೆ ಮೊಳಕೆಯಲ್ಲ. ನಡುವಿನ ಹೂವನ್ನು ಕೊಯ್ದ ಮೇಲೂ ಅಕ್ಕಪಕ್ಕದಲ್ಲಿ ಚಿಕ್ಕ ಚಿಕ್ಕ ಕುಡಿಹೂ ಬಿಡುತ್ತಾ ಹೋಗುವ ಗಿಡ. ಮೊಳಕೆ ಬರಿಸಿ ತಿನ್ನುವ ಬ್ರೊಕೊಲಿ ಬೀಜ ಬೇರೆ ಸಂಗತಿ. ಮೂರು ದಿನದ ಮೊಳಕೆಯಲ್ಲಿ ಸಲ್ಫೊರಾಫೇನ್ ಎಂಬ ವಸ್ತುವಿನ ಮೂಲದ್ರವ್ಯ ಬೆಳೆದ ಗಿಡಕ್ಕಿಂತ ಹತ್ತರಿಂದ ನೂರು ಪಟ್ಟು ಇರಬಹುದೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಜ್ಞಾನಿಗಳು 1997ರಲ್ಲಿ ತೋರಿಸಿದರು. ಆಗಿನಿಂದ ಮೊಳಕೆಗೆ ಬಹಳ ಪ್ರಚಾರ. ಆದರೆ ನರ್ಸರಿಯಲ್ಲಿ ಸಿಗುವ ಬಿತ್ತನೆ ಬೀಜಕ್ಕೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಗುಲಾಬಿ, ನೀಲಿ ಬಣ್ಣ ಕಂಡರಂತೂ ಖಂಡಿತ ಅದೇ. ಅದನ್ನು ಹೆಸರುಕಾಳಿನಂತೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ತಿನ್ನಬೇಡಿ. ಅದು ಮಣ್ಣಿಗೆ ಮಾತ್ರ.

ಇನ್ನೊಂದು ಮಾತು. ಆನ್‌ಲೈನಿನಲ್ಲಿ ಚೆಂದದ ನೇರಳೆ ಚಿತ್ರ ಹಾಕಿ ಮಾರುವ ಇಂಗ್ಲೆಂಡಿನ ತಳಿ ನಮಗಲ್ಲ. ಅದು ಇಡೀ ಚಳಿಗಾಲ ಕೊರೆಯುವ ಚಳಿಯಲ್ಲಿ ನಿಂತು, ಮುಂದಿನ ವಸಂತಕ್ಕೆ ಹೂ ಬಿಡುವ ಗಿಡ. ಪುಣೆಯಲ್ಲಿ ಹಾಕಿದರೆ ಸೊಪ್ಪು ಬೆಳೆಯುತ್ತದೆ, ಹೂ ಬರುವುದಿಲ್ಲ. ನಮ್ಮ ದೇಶದ್ದೇ ಒಳ್ಳೆಯ ತಳಿಗಳಿವೆ. ಕುಲು ಕಣಿವೆಯ ಕತ್ರಾಯಿನ್ ಕೇಂದ್ರದ ಪೂಸಾ ಕೆಟಿಎಸ್-1, ಪಾಲಂಪುರ ಕೃಷಿ ವಿಶ್ವವಿದ್ಯಾಲಯದ ಪಾಲಂ ಸಮೃದ್ಧಿ, ಎರಡೂ ಹಸಿರು ಸ್ಪ್ರೌಟಿಂಗ್ ಜಾತಿಯವು.

ದೆಹಲಿಯವರು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ, ಪುಣೆ, ಹೈದರಾಬಾದಿನವರು ಅಕ್ಟೋಬರಿನಲ್ಲಿ ಬಿತ್ತಬಹುದು. ಕೊಕೊಪೀಟ್, ಎರೆಗೊಬ್ಬರ ಬೆರೆಸಿ ಟ್ರೇಯಲ್ಲೋ ಹಳೆಯ ಮೊಸರಿನ ಡಬ್ಬಿಯಲ್ಲೋ ಹಾಕಿ (ತಳಕ್ಕೆ ತೂತು ಮರೆಯಬೇಡಿ), ಬೀಜವನ್ನು ಒಂದು ಸೆಂಟಿಮೀಟರ್ ಆಳಕ್ಕೆ ಊರಿ. ಒಂದು ವಾರದೊಳಗೆ ಹುಟ್ಟುತ್ತದೆ. ಹುಟ್ಟಿದ ಕೂಡಲೇ ಬಿಸಿಲು ತೋರಿಸಿ, ನೆರಳಿನಲ್ಲಿಟ್ಟರೆ ಸಸಿ ದಾರದಂತೆ ಉದ್ದವಾಗಿ ಬಿದ್ದುಹೋಗುತ್ತದೆ. ನಾಲ್ಕೈದು ಎಲೆ ಬಂದಾಗ, ಅಂದರೆ ಸುಮಾರು ತಿಂಗಳಿಗೆ, ಒಂದಡಿ ಅಗಲ, ಒಂದಡಿ ಆಳದ ಕುಂಡಕ್ಕೆ ಒಂದೊಂದೇ ಸಸಿ ನೆಡಿ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಎಲೆಯ ಅಡಿಭಾಗವನ್ನು ದಿನಾ ತಿರುಗಿಸಿ ನೋಡಬೇಕು, ಹಸಿರು ಹುಳು ಅಲ್ಲೇ ಅಡಗಿರುತ್ತದೆ. ಕೈಯಲ್ಲೇ ತೆಗೆಯಿರಿ. ಹೇನಿಗೆ ಬೇವಿನ ಎಣ್ಣೆ ಸಾಕು. ನೆಟ್ಟ ಎರಡು ಎರಡೂವರೆ ತಿಂಗಳಿಗೆ ನಡುವೆ ಹೂ ಕಟ್ಟುತ್ತದೆ. ಮೊಗ್ಗು ಬಿಗಿಯಾಗಿರುವಾಗಲೇ ದಂಟು ಸಮೇತ ಓರೆಯಾಗಿ ಕೊಯ್ಯಿರಿ. ಗಿಡ ಕಿತ್ತು ಹಾಕಬೇಡಿ. ಬಿಸಿಲೇರುವವರೆಗೂ ಪಕ್ಕದ ಕುಡಿಗಳು ಬರುತ್ತಿರುತ್ತವೆ.

ಚೆನ್ನೈಯವರು ದಯವಿಟ್ಟು ಈ ಹಟ ಬೇಡ. ಅಲ್ಲಿ ಬ್ರೊಕೊಲಿ ಕೇಳುವ ಚಳಿ ಇಲ್ಲ. ಮುಂಬೈಯಲ್ಲೂ ಅದೃಷ್ಟವಿದ್ದರೆ ಒಂದು ಸಣ್ಣ ಹೂ. ಹರಿವೆ, ಬಸಳೆ ಹಾಕಿ, ಮನಸ್ಸು ಕೂಡ ತಣ್ಣಗಿರುತ್ತದೆ. ದುಬಾರಿ ತರಕಾರಿಯೇ ಹೃದಯಕ್ಕೆ ಒಳ್ಳೆಯದು ಎಂಬ ಭ್ರಮೆ ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ವಿಪರೀತವಾಗಿದೆ. ನಿಮ್ಮ ಅಜ್ಜಿಯ ಹಿತ್ತಲಲ್ಲಿದ್ದ ನುಗ್ಗೆಸೊಪ್ಪು ಯಾವುದರಲ್ಲೂ ಕಡಿಮೆಯದಲ್ಲ.

ನಾಲ್ಕು ಕುಂಡದಿಂದ ಮನೆಯ ತರಕಾರಿ ಖರ್ಚೇನೂ ಇಳಿಯುವುದಿಲ್ಲ, ಅದೂ ಹೇಳಿಬಿಡುತ್ತೇನೆ. ಆದರೂ ಬೆಳೆಸಿ ಎನ್ನುವುದಕ್ಕೆ ಕಾರಣ ನಿಮ್ಮ ಅಪ್ಪ ಅಮ್ಮ. ಊರಲ್ಲಿ ಹಿತ್ತಲು, ಬಾವಿಕಟ್ಟೆ, ಸಂತೆ ಅಂತ ಓಡಾಡಿಕೊಂಡಿದ್ದವರು ಇಲ್ಲಿ ಹತ್ತನೇ ಮಹಡಿಯ ಸೋಫಾ ಮೇಲೆ ಕೂತಿದ್ದಾರೆ. ಭಾಷೆ ಬಾರದೆ ಕೆಳಗಿಳಿಯುವುದೂ ಇಲ್ಲ. ಬಿಪಿ, ಶುಗರ್ ಎರಡೂ ಆ ಸೋಫಾದಲ್ಲೇ ಏರುತ್ತವೆ. ಬೆಳಗ್ಗೆ ಅರ್ಧ ಗಂಟೆ ಟೆರೇಸಿನಲ್ಲಿ ಗಿಡದ ಕೆಲಸ ಕೊಡಿ. "ವಾಕಿಂಗ್ ಹೋಗಿ" ಎಂದರೆ ಹೋಗದವರು "ಗಿಡಕ್ಕೆ ನೀರು ಹಾಕಬೇಕು" ಎಂದರೆ ಎದ್ದೇಳುತ್ತಾರೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು ಮನೆಯಲ್ಲಿದ್ದಾರೆಯೇ? ಅವರು ವಾರ್ಫರಿನ್ ಅಥವಾ ಅಸೆನೊಕೂಮರಾಲ್ ಎಂಬ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಾರೆ. ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ನೂರು ಗ್ರಾಂ ಬ್ರೊಕೊಲಿಯಲ್ಲಿ ಸುಮಾರು 100 ಮೈಕ್ರೋಗ್ರಾಂ ವಿಟಮಿನ್ ಕೆ ಇದೆ, ಹೆಚ್ಚುಕಡಿಮೆ ಒಬ್ಬರ ಒಂದು ದಿನದ ಅಗತ್ಯದಷ್ಟು. ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ತಾವೇ ಬೆಳೆದ ಬ್ರೊಕೊಲಿ ಎಂದು ದಿನಾ ಎರಡು ಬಟ್ಟಲು ಸೂಪ್ ಕುಡಿಯುತ್ತಿದ್ದರು. 2.5ರಿಂದ 3.5ರ ನಡುವೆ ಇರಬೇಕಾದ ಐಎನ್‌ಆರ್ 1.6ಕ್ಕೆ ಇಳಿದಿತ್ತು. ಆ ಮಟ್ಟದಲ್ಲಿ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಕವಾಟವೇ ಸಿಕ್ಕಿಹಾಕಿಕೊಳ್ಳಬಹುದು, ಲಕ್ವ ಹೊಡೆಯಬಹುದು. ಅವರು ತಪಾಸಣೆ ತಪ್ಪಿಸಿರಲಿಲ್ಲ, ಆದ್ದರಿಂದ ಬಚಾವಾದರು. ಬ್ರೊಕೊಲಿಯನ್ನು ಪೂರ್ತಿ ಬಿಡಿ ಎಂದು ಅವರಿಗೂ ನಾನು ಹೇಳಲಿಲ್ಲ. ಪಾಲಕ್, ಮೆಂತ್ಯ, ಬ್ರೊಕೊಲಿ ಏನೇ ಇರಲಿ, ವಾರ ವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣ ತಿನ್ನಿ, ಬದಲಾಯಿಸುವ ಮೊದಲು ಡಾಕ್ಟರಿಗೆ ತಿಳಿಸಿ ಎಂದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರ ತೆಗೆದುಕೊಳ್ಳುವವರಿಗೆ ಈ ಸಮಸ್ಯೆಯಿಲ್ಲ. ಕಿಡ್ನಿ ತೊಂದರೆ ಇರುವವರು ಪೊಟ್ಯಾಸಿಯಂ ಬಗ್ಗೆ ತಮ್ಮ ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ಅಡುಗೆಯ ವಿಷಯ. ಚೀಸ್, ಬೆಣ್ಣೆ ಸುರಿದು ಬೇಕ್ ಮಾಡಿದರೆ ಬ್ರೊಕೊಲಿ ತಿಂದ ಪುಣ್ಯ ಅಲ್ಲೇ ಮುಗಿಯಿತು. ಪ್ಯಾಕೆಟ್ ಸೂಪಿನಲ್ಲಿ ಉಪ್ಪು ಜಾಸ್ತಿ, ಇಡೀ ದಿನಕ್ಕೆ ನಮಗೆ ಬೇಕಾದ್ದು 5 ಗ್ರಾಂಗಿಂತ ಕಡಿಮೆ. ಸಲ್ಫೊರಾಫೇನ್ ಹುಟ್ಟಲು ಬೇಕಾದ ಕಿಣ್ವ ಬೇಯಿಸಿದಾಗ ಹಾಳಾಗುತ್ತದೆ. ಅದೇ ಕೆಲಸ ಮಾಡುವ ಕಿಣ್ವ ಹಸಿ ಸಾಸಿವೆಯಲ್ಲೂ ಇದೆ. ಹಾಗಾಗಿ ಹೆಚ್ಚಿದ ಬ್ರೊಕೊಲಿಯನ್ನು ಮೂರು ನಾಲ್ಕು ನಿಮಿಷ ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಕಾಯಿ, ಹಸಿಮೆಣಸು, ಹಸಿ ಸಾಸಿವೆ ರುಬ್ಬಿ ಮೊಸರಿನೊಂದಿಗೆ ಬೆರೆಸಿ. ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ, ಅವರ ಸಾಸಿವೆಯೇ ಇದು. ಕಾಯಿ ಸ್ವಲ್ಪ ಹಿಡಿತದಲ್ಲಿರಲಿ.

ಇದನ್ನು ಫಾರ್ವರ್ಡ್ ಮಾಡುವವರು ಧಾರಾಳವಾಗಿ ಮಾಡಿ. ಉದ್ದವಾಯಿತೆಂದು ಕತ್ತರಿಸುವುದಾದರೆ ಗಿಡದ ಭಾಗ ಕತ್ತರಿಸಿ, ಲೋಹದ ಕವಾಟದವರ ಭಾಗವನ್ನು ಹಾಗೇ ಬಿಡಿ.