ಒಡೆದ ಕಂಠ

ಲಷ್ಕರ್ ಮೊಹಲ್ಲಾದ ನಮ್ಮ ಎದುರು ಮನೆಯ ಹುಡುಗನಿಗೆ ಹದಿನಾಲ್ಕು ತುಂಬಿತು. ಕಳೆದ ಶ್ರೀರಾಮನವಮಿಯಲ್ಲಿ ಅವನ ಹಾಡು ಬೀದಿಯ ತುದಿಗೂ ಕೇಳುತ್ತಿತ್ತು. ಈಗ ತಾರಷಡ್ಜಕ್ಕೆ ಏರಿದರೆ ಕಂಠ ಎರಡಾಗಿ ಸೀಳುತ್ತದೆ.

“ಮೇಷ್ಟ್ರೇ, ಇವನ ಪಾಠ ಬಿಡಿಸಿಬಿಡಲೇ? ತಿಂಗಳು ತಿಂಗಳು ಕೊಡುವ ಹಣ ದಂಡವಾಗುತ್ತಿದೆ” ಎಂದು ಮೊನ್ನೆ ಸಂಜೆ ಅವನ ತಂದೆ ಕೇಳಿದರು. ಹುಡುಗ ಬಾಗಿಲ ಮರೆಯಲ್ಲಿ ನಿಂತಿದ್ದ. ನಾನು ಕನ್ನಡ ಪಾಠ ಹೇಳುವವನೇ ಹೊರತು ಸಂಗೀತಗಾರನಲ್ಲ. ಉತ್ತರಕ್ಕೆ ಬದಲಾಗಿ ಇಬ್ಬರು ಗುರುಗಳ ಕಥೆ ಹೇಳಿದೆ. ಓದುಗರೂ ಕೇಳಬಹುದು.

ಜಾನ್ ಫೋರ್ಸೆಲ್ ಎಂಬವರು 1868ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಜನಿಸಿದರು. ಮೊದಲು ಸೇನಾಧಿಕಾರಿ, ಬಳಿಕ ಆಪೆರಾ ಎಂಬ ಗೀತನಾಟಕದ ನಟ, ಗಾಯಕ. ಅವರದು ‘ಬ್ಯಾರಿಟೋನ್’ ಕಂಠ. ಗಂಡಸರ ದನಿಗಳಲ್ಲಿ ತೀರ ಮಂದ್ರವೂ ಅಲ್ಲದ, ತಾರವೂ ಅಲ್ಲದ ನಡುವಿನ ದನಿ. 1896ರಲ್ಲಿ ಅಲ್ಲಿನ ರಾಜರಂಗಮಂದಿರದಲ್ಲಿ ಫಿಗರೋ ಪಾತ್ರದಿಂದ ಅವರ ವೃತ್ತಿ ಆರಂಭವಾಯಿತು. ಮೊಟ್ಸಾರ್ಟನ ‘ಡಾನ್ ಜಿಯೋವಾನಿ’ ಅವರ ಕೀರ್ತಿಯ ಪಾತ್ರ. ಅರುವತ್ತು ದಾಟಿದ ಮೇಲೂ, 1930ರಲ್ಲಿ, ಸಾಲ್ಜ್‌ಬರ್ಗಿನಲ್ಲಿ ಅದನ್ನು ಹಾಡಿದರು. 1924ರಿಂದ 1939ರವರೆಗೆ ಆ ರಂಗಮಂದಿರದ ಆಡಳಿತವೂ ಅವರ ಕೈಯಲ್ಲಿತ್ತು.

1928ರಲ್ಲಿ ಹದಿನೇಳರ ತರುಣನೊಬ್ಬ ಅವರ ಮುಂದೆ ಬಂದು ಹಾಡಿದ. ಅವನು ಯೂಸ್ಸಿ ಬ್ಯೋರ್ಲಿಂಗ್. ಎಳೆಯ ವಯಸ್ಸಿನಲ್ಲೇ ತಂದೆ, ಸೋದರರೊಡನೆ ಊರೂರು ಹಾಡಿ, ಅಮೆರಿಕೆಯನ್ನೂ ಸುತ್ತಿದ್ದವನು. ಆ ಬಾಲಕಂಠ ಹೋಗಿ ಹೊಸ ಕಂಠ ಬಂದಿತ್ತು. ಫೋರ್ಸೆಲ್ ಅವನನ್ನು ತಮ್ಮಂತೆ ಹಾಡಿಸಲಿಲ್ಲ. ಅವನದು ತಾರದ ‘ಟೆನರ್’ ಕಂಠ. ಅದನ್ನೇ ತಿದ್ದಿ ಬೆಳೆಸಿದರು. ಮುಂದೆ ಶಿಷ್ಯನ ಹೆಸರು ಗುರುವಿನದಕ್ಕಿಂತ ದೂರ ಹೋಯಿತು.

ಇಂಥ ಗುರು ನಮ್ಮ ಮೈಸೂರಿನಲ್ಲೂ ಇರಲಿಲ್ಲವೇ? ಬಿಡಾರಂ ಕೃಷ್ಣಪ್ಪನವರು ಫೋರ್ಸೆಲರಿಗಿಂತ ಎರಡೇ ವರ್ಷ ಹಿರಿಯರು. ನಂದಳಿಕೆಯ ಬಡಹುಡುಗ ಆಸ್ಥಾನವಿದ್ವಾಂಸರಾದರು; ಕಚೇರಿಗಳಲ್ಲಿ ದೇವರನಾಮಗಳಿಗೆ ಮಾನ್ಯತೆ ತಂದರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಭೆಯನ್ನು ತುಂಬಬೇಕಾದದ್ದು ಕಂಠವೊಂದೇ. ಆ ಕಂಠದ ಗಳಿಕೆಯನ್ನು ಅವರು ಪ್ರಸನ್ನ ಸೀತಾರಾಮ ಮಂದಿರಕ್ಕೆ ಸುರಿದರು. 1931ರಲ್ಲಿ ಅವರು ಕಾಲವಾದರೂ ಮಂದಿರ ಉಳಿಯಿತು. ಅದಕ್ಕಿಂತ ಮಿಗಿಲಾಗಿ ಶಿಷ್ಯ ಟಿ. ಚೌಡಯ್ಯನವರು ಉಳಿದರು. ಚೌಡಯ್ಯನವರ ಸಾಧನೆ ಕಂಠದ್ದಲ್ಲ, ಪಿಟೀಲಿನದು. ನಾಲ್ಕು ತಂತಿಯ ನಾದ ದೊಡ್ಡ ಸಭೆಗೆ ಸಾಲದೆನಿಸಿದಾಗ ಅವರು ಪಿಟೀಲನ್ನು ಬಿಡಲಿಲ್ಲ. ಏಳು ತಂತಿ ಕಟ್ಟಿದರು.

“ಅಂದರೆ ಇವನೂ ಚೌಡಯ್ಯನಾಗುತ್ತಾನೆ ಎನ್ನುತ್ತೀರೋ?” ಎಂದು ನೆರೆಯವರು ನಕ್ಕರು.

“ಹಾಗೆ ಹೇಳಲಾರೆ ಸ್ವಾಮಿ. ಹಳೆಯ ಕಂಠ ಮರಳಿ ಬಾರದು. ಹೊಸದು ಯಾವುದೆಂದು ತಿಳಿಯುವ ಮೊದಲೇ ಬಾಗಿಲು ಮುಚ್ಚಬೇಡಿ. ಇವನ ಗುರುಗಳನ್ನೊಮ್ಮೆ ಕೇಳಿ ನೋಡಿ.”

ನಿನ್ನೆ ಸಂಜೆ ಎದುರು ಮನೆಯಲ್ಲಿ ಶ್ರುತಿಪೆಟ್ಟಿಗೆ ಮತ್ತೆ ನುಡಿಯಿತು. ಶ್ರುತಿ ಮೊದಲಿಗಿಂತ ತಗ್ಗಿತ್ತು. ಹುಡುಗ ಸರಳೆವರಸೆಯಿಂದ ಮತ್ತೆ ಆರಂಭಿಸಿದ್ದ. ಎರಡು ಕಡೆ ದನಿ ಒಡೆಯಿತು; ಅವನು ನಿಲ್ಲಿಸಲಿಲ್ಲ.